ಡ್ರೈವ್ ಗೆದ್ದರೆ ಷೇರುದಾರ ಗೆದ್ದಂತೆಯೇ? ಸ್ಟೋರೇಜ್ ಷೇರುಗಳ ಓಟದ ಹಿಂದಿನ 'ಡೈಲ್ಯೂಷನ್' ಲೆಕ್ಕ

ಕಂಪ್ಯೂಟರ್‌ನಲ್ಲಿ ಫೈಲ್ ಇಟ್ಟುಕೊಳ್ಳುವ ಡಬ್ಬಿ ಮಾರುವ ಕಂಪನಿಗಳು ಷೇರುಪೇಟೆಯ ಹೀರೋಗಳಾಗುತ್ತವೆ ಎಂದು ಮೂರು ವರ್ಷಗಳ ಹಿಂದೆ ಯಾರಾದರೂ ಹೇಳಿದ್ದರೆ ನಗುತ್ತಿದ್ದರು. ಆದರೆ 2025ರಲ್ಲಿ ಆಗಿದ್ದು ಅದೇ. ಅಮೆರಿಕದ ಎಸ್ ಆ್ಯಂಡ್ ಪಿ 500 ಸೂಚ್ಯಂಕದಲ್ಲಿ ಆ ವರ್ಷ ಅತಿ ಹೆಚ್ಚು ಏರಿದ ಷೇರುಗಳ ಪಟ್ಟಿಯಲ್ಲಿ ಸೀಗೇಟ್, ವೆಸ್ಟರ್ನ್ ಡಿಜಿಟಲ್, ಮೈಕ್ರಾನ್ ಹೆಸರುಗಳಿದ್ದವು. ಫೆಬ್ರವರಿಯಲ್ಲಷ್ಟೇ ವೆಸ್ಟರ್ನ್ ಡಿಜಿಟಲ್‌ನಿಂದ ಬೇರ್ಪಟ್ಟು ಪ್ರತ್ಯೇಕವಾಗಿ ಲಿಸ್ಟ್ ಆದ ಸ್ಯಾನ್‌ಡಿಸ್ಕ್, ವರ್ಷ ಮುಗಿಯುವುದರೊಳಗೆ ಹಲವು ಪಟ್ಟು ಏರಿ ಅದೇ ಸೂಚ್ಯಂಕಕ್ಕೆ ಸೇರಿಕೊಂಡಿತು.

ಕಾರಣ ಎಲ್ಲರಿಗೂ ಗೊತ್ತಿರುವುದೇ. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರ್‌ಗಳಿಗೆ ಎಷ್ಟು ಸ್ಟೋರೇಜ್ ಕೊಟ್ಟರೂ ಸಾಲುತ್ತಿಲ್ಲ. ಬೇಡಿಕೆ ಹೆಚ್ಚು, ಪೂರೈಕೆ ಕಡಿಮೆ, ಹೀಗಾಗಿ ಬೆಲೆ ಏರಿಕೆ.

ಪುಣೆ, ಹೈದರಾಬಾದ್, ಬೆಂಗಳೂರಿನ ಐಟಿ ಉದ್ಯೋಗಿಗಳೂ ಈ ಓಟವನ್ನು ನೋಡುತ್ತಾ ಕುಳಿತಿಲ್ಲ. ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಡಿ ಒಬ್ಬ ವ್ಯಕ್ತಿ ವರ್ಷಕ್ಕೆ 2.5 ಲಕ್ಷ ಡಾಲರ್‌ವರೆಗೆ ಹೊರದೇಶಕ್ಕೆ ಕಳುಹಿಸಬಹುದು. ಮೊಬೈಲ್ ಆ್ಯಪ್‌ನಲ್ಲೇ ಅಮೆರಿಕದ ಷೇರು ಸಿಗುತ್ತದೆ. ಈಗಿನ ಚರ್ಚೆ ಏನಿದ್ದರೂ ಯಾವ ಡ್ರೈವ್ ಗೆಲ್ಲುತ್ತದೆ ಎಂಬುದು. ಹಾರ್ಡ್ ಡಿಸ್ಕೋ, ಎಸ್‌ಎಸ್‌ಡಿಯೋ? ಸೀಗೇಟ್‌ನ ಶಾಖ ಬಳಸಿ ಬರೆಯುವ ಹೊಸ ತಂತ್ರಜ್ಞಾನವೋ, ವೆಸ್ಟರ್ನ್ ಡಿಜಿಟಲ್‌ನ ದಾರಿಯೋ?

ಪ್ರಶ್ನೆ ಸರಿಯಾಗಿಯೇ ಇದೆ, ಆದರೆ ಅದು ಅರ್ಧ ಪ್ರಶ್ನೆ ಮಾತ್ರ. ಗೆಲ್ಲುವ ಡ್ರೈವ್ ಯಾವುದು ಎಂದು ಗೊತ್ತಾದರೂ, ಆ ಗೆಲುವಿನಲ್ಲಿ ನಿಮ್ಮ ಪಾಲು ಎಷ್ಟು ಎಂಬುದು ಬೇರೆಯೇ ಲೆಕ್ಕ. ಈ ಎರಡನ್ನೂ ಗೊಂದಲ ಮಾಡಿಕೊಂಡವರು ಮೂವತ್ತು ವರ್ಷಗಳ ಹಿಂದೆ, ಇದೇ ಸ್ಟೋರೇಜ್ ಉದ್ಯಮದಲ್ಲಿ ಕೈ ಸುಟ್ಟುಕೊಂಡಿದ್ದರು.

ಜಿಪ್ ಮತ್ತು ಈಝಡ್: 1995ರ ಯುದ್ಧ

ಆಗ ಫ್ಲಾಪಿ ಕಾಲ. ಒಂದು ಫ್ಲಾಪಿಯಲ್ಲಿ 1.44 ಎಂಬಿ. ಒಂದು ಬಣ್ಣದ ಪುಟವನ್ನು ಡಿಟಿಪಿ ಅಂಗಡಿಯಿಂದ ಪ್ರೆಸ್ಸಿಗೆ ಸಾಗಿಸುವುದೇ ಸಾಹಸ. ಆ ಹೊತ್ತಿನಲ್ಲಿ ಅಮೆರಿಕದ ಯೂಟಾ ರಾಜ್ಯದ ಐಯೊಮೆಗಾ ಕಂಪನಿ 'ಜಿಪ್ ಡ್ರೈವ್' ತಂದಿತು. ಡ್ರೈವ್‌ನ ಬೆಲೆ ಸುಮಾರು 200 ಡಾಲರ್, ಡಿಸ್ಕ್ ಒಂದಕ್ಕೆ ಸುಮಾರು 20 ಡಾಲರ್. ಒಂದು ಡಿಸ್ಕ್‌ನಲ್ಲಿ 100 ಎಂಬಿ, ಅಂದರೆ ಸುಮಾರು 70 ಫ್ಲಾಪಿಗಳ ಸರಕು. ನಮ್ಮ ಪತ್ರಿಕಾ ಕಚೇರಿಗಳ ಹಿರಿಯರಲ್ಲಿ ಜಿಪ್ ಡಿಸ್ಕ್ ಜೇಬಿಗಿಟ್ಟು ಪ್ರೆಸ್ಸಿಗೆ ಓಡಿದ ನೆನಪು ಇನ್ನೂ ಇದೆ.

ಎದುರಾಳಿ ಕ್ಯಾಲಿಫೋರ್ನಿಯಾದ ಸೈಕ್ವೆಸ್ಟ್. ಇದು ಹೊಸ ಕಂಪನಿ ಏನಲ್ಲ. ಸೀಗೇಟ್‌ನ ಸಹಸ್ಥಾಪಕರಲ್ಲಿ ಒಬ್ಬರಾದ ಸೈಯದ್ ಇಫ್ತಿಕಾರ್ 1982ರಲ್ಲಿ ಕಟ್ಟಿದ್ದು. ತೆಗೆದು ಹಾಕಬಲ್ಲ ಹಾರ್ಡ್ ಡಿಸ್ಕ್ ಕಾರ್ಟ್ರಿಡ್ಜ್‌ಗಳಲ್ಲಿ ಇದರದ್ದೇ ದರ್ಬಾರು. ಆಪಲ್ ಮ್ಯಾಕ್ ಇಟ್ಟುಕೊಂಡಿದ್ದ ಡಿಟಿಪಿ, ಜಾಹೀರಾತು, ಮುದ್ರಣ ಸಂಸ್ಥೆಗಳಲ್ಲಿ ಸೈಕ್ವೆಸ್ಟ್‌ನ 44 ಮತ್ತು 88 ಎಂಬಿ ಕಾರ್ಟ್ರಿಡ್ಜ್‌ಗಳೇ ರೂಢಿಯಲ್ಲಿದ್ದವು.

ಜಿಪ್ ಬಂದ ವರ್ಷವೇ ಸೈಕ್ವೆಸ್ಟ್ 'ಈಝಡ್135' ಎಂಬ ಉತ್ತರ ಕೊಟ್ಟಿತು. ಹೆಸರಲ್ಲೇ ಇರುವಂತೆ 135 ಎಂಬಿ. ಒಳಗೆ ಗಟ್ಟಿ ತಟ್ಟೆ ಇದ್ದದ್ದರಿಂದ ಜಿಪ್‌ಗಿಂತ ವೇಗ. ಕಾಗದದ ಮೇಲೆ ನೋಡಿದರೆ ಹೆಚ್ಚು ಜಾಗ, ಹೆಚ್ಚು ವೇಗ. 'ನಮ್ಮದೇ ಉತ್ತಮ ಡ್ರೈವ್' ಎಂದು ಸೈಕ್ವೆಸ್ಟ್ ಷೇರುದಾರರು ವಾದಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ಮಾರುಕಟ್ಟೆ ಜಿಪ್ ಕಡೆ ವಾಲಿತು. ಮೊದಲು ಬಂದದ್ದು, ಕಡಿಮೆ ಬೆಲೆ, ಕಣ್ಸೆಳೆಯುವ ನೀಲಿ ಬಣ್ಣ, ಭರ್ಜರಿ ಜಾಹೀರಾತು, ಕಂಪ್ಯೂಟರ್ ತಯಾರಕರೊಂದಿಗೆ ಒಪ್ಪಂದ, ಎಲ್ಲವೂ ಕೆಲಸ ಮಾಡಿದವು. ಪಕ್ಕದ ಮನೆಯವರ ಬಳಿ ಜಿಪ್ ಇದ್ದರೆ ನಿಮಗೂ ಜಿಪ್ಪೇ ಬೇಕು, ಇಲ್ಲದಿದ್ದರೆ ಡಿಸ್ಕ್ ಕೊಟ್ಟು ತೆಗೆದುಕೊಳ್ಳುವುದು ಹೇಗೆ? ಐಯೊಮೆಗಾದ ಮಾರಾಟ 1994ರಲ್ಲಿ 14 ಕೋಟಿ ಡಾಲರ್ ಆಸುಪಾಸು ಇದ್ದದ್ದು, 1995ರಲ್ಲಿ 32 ಕೋಟಿ ದಾಟಿ, 1996ರಲ್ಲಿ 120 ಕೋಟಿ ಡಾಲರ್ ಮುಟ್ಟಿತು.

ಸೈಕ್ವೆಸ್ಟ್ ಹಣ ತಂದದ್ದು ಎಲ್ಲಿಂದ?

ಇತ್ತ ಸೈಕ್ವೆಸ್ಟ್ ಪರಿಸ್ಥಿತಿ ಬಿಗಡಾಯಿಸಿತು. ಬೆಲೆ ಸಮರದಲ್ಲಿ ಲಾಭ ಕರಗಿತು. 1996ರ ಸೆಪ್ಟೆಂಬರ್‌ಗೆ ಮುಗಿದ ಹಣಕಾಸು ವರ್ಷದಲ್ಲಿ ನಷ್ಟ 13 ಕೋಟಿ ಡಾಲರ್ ಮೀರಿತು. ಮುಂದಿನ ಡ್ರೈವ್‌ಗಳಾದ 1.5 ಜಿಬಿಯ ಸೈಜೆಟ್ ಮತ್ತು 1 ಜಿಬಿಯ ಸ್ಪಾರ್ಕ್ ತರಲು ದುಡ್ಡು ಬೇಕಿತ್ತು. ಇಷ್ಟು ನಷ್ಟದಲ್ಲಿರುವ ಕಂಪನಿಗೆ ಬ್ಯಾಂಕ್ ಸಾಲ ಕೊಡುವುದು ಕಷ್ಟ.

ಆಗ ಕಂಪನಿ ಹಿಡಿದ ದಾರಿ ಕನ್ವರ್ಟಿಬಲ್ ಪ್ರಿಫರ್ಡ್ ಷೇರು. ಖಾಸಗಿ ಹೂಡಿಕೆದಾರರು ಹಣ ಕೊಡುತ್ತಾರೆ, ಬದಲಿಗೆ ಒಂದು ವಿಶೇಷ ಷೇರು ಪಡೆಯುತ್ತಾರೆ. ನಂತರ ಅದನ್ನು ಸಾಮಾನ್ಯ ಷೇರಾಗಿ ಬದಲಿಸಿಕೊಳ್ಳಬಹುದು. ಇಲ್ಲಿಯವರೆಗೆ ತಪ್ಪೇನಿಲ್ಲ. ತೊಂದರೆ ಇದ್ದದ್ದು ಪರಿವರ್ತನೆಯ ದರದಲ್ಲಿ. ಅದು ಮೊದಲೇ ಗಟ್ಟಿಯಾಗಿ ನಿಗದಿಯಾಗಿರಲಿಲ್ಲ, ಪರಿವರ್ತಿಸುವ ಹೊತ್ತಿನ ಮಾರುಕಟ್ಟೆ ಬೆಲೆಯ ಜತೆ ತೇಲುತ್ತಿತ್ತು. ಷೇರು ಬೆಲೆ ಬಿದ್ದಷ್ಟೂ ಹಣ ಕೊಟ್ಟವರಿಗೆ ಸಿಗುವ ಷೇರುಗಳ ಸಂಖ್ಯೆ ಹೆಚ್ಚು.

ಇದು ಯಾಕೆ ಅಪಾಯ ಎಂದು ತಿಳಿಯಲು ಒಂದು ಸರಳ ಲೆಕ್ಕ ನೋಡೋಣ. ಒಂದು ಕಾಲ್ಪನಿಕ ಕಂಪನಿಯಲ್ಲಿ 1 ಕೋಟಿ ಷೇರುಗಳಿವೆ, ಬೆಲೆ 100 ರೂ. ಕಂಪನಿ ಇಂಥ ತೇಲುವ ದರದ ಪ್ರಿಫರ್ಡ್ ಷೇರಿನಿಂದ 20 ಕೋಟಿ ರೂ. ಎತ್ತುತ್ತದೆ ಎಂದುಕೊಳ್ಳಿ.

- ಬೆಲೆ 100 ರೂ. ಇದ್ದಾಗ ಪರಿವರ್ತಿಸಿದರೆ ಹೊಸ ಷೇರು 20 ಲಕ್ಷ. ಹಳೆಯ ಷೇರುದಾರರ ಪಾಲು ಶೇ. 83.
- ಬೆಲೆ 50ಕ್ಕೆ ಬಿದ್ದರೆ ಹೊಸ ಷೇರು 40 ಲಕ್ಷ. ಹಳಬರ ಪಾಲು ಶೇ. 71.
- ಬೆಲೆ 20ಕ್ಕೆ ಬಿದ್ದರೆ ಹೊಸ ಷೇರು 1 ಕೋಟಿ. ಹಳಬರ ಪಾಲು ಶೇ. 50.
- ಬೆಲೆ 10ಕ್ಕೆ ಬಿದ್ದರೆ ಹೊಸ ಷೇರು 2 ಕೋಟಿ. ಹಳಬರ ಪಾಲು ಶೇ. 33.

ಕಂಪನಿಗೆ ಬಂದ ಹಣ ಎಲ್ಲ ಸಂದರ್ಭದಲ್ಲೂ ಅದೇ 20 ಕೋಟಿ. ಕೊಟ್ಟ ಬೆಲೆ ಮಾತ್ರ ಬೇರೆ ಬೇರೆ. ಅದನ್ನು ತೆತ್ತವರು ಹಳೆಯ ಷೇರುದಾರರು.

ಅಷ್ಟಕ್ಕೇ ನಿಲ್ಲುವುದಿಲ್ಲ. ಪರಿವರ್ತನೆಯಾದ ಷೇರುಗಳು ಪೇಟೆಗೆ ಮಾರಾಟಕ್ಕೆ ಬರುತ್ತವೆ, ಬೆಲೆ ಮತ್ತೆ ಇಳಿಯುತ್ತದೆ. ಬೆಲೆ ಇಳಿದಾಗ ಮುಂದಿನ ಕಂತಿನ ಪರಿವರ್ತನೆಗೆ ಇನ್ನೂ ಹೆಚ್ಚು ಷೇರು ಕೊಡಬೇಕು. ಅವೂ ಮಾರಾಟಕ್ಕೆ ಬರುತ್ತವೆ. ವಾಲ್‌ಸ್ಟ್ರೀಟ್‌ನಲ್ಲಿ ಇದಕ್ಕೆ 'ಡೆತ್ ಸ್ಪೈರಲ್' ಎಂದೇ ಹೆಸರು. ಸಾವಿನ ಸುಳಿ. ಮಜ್ಜಿಗೆಗೆ ನೆಂಟರು ಬಂದಷ್ಟೂ ನೀರು ಬೆರೆಸುತ್ತಾ ಹೋದರೆ ಕೊನೆಗೆ ಉಳಿಯುವುದು ಬಿಳಿ ನೀರು ಮಾತ್ರ.

ಸೈಕ್ವೆಸ್ಟ್ ಇಂಥ ಹಣವನ್ನು ಒಮ್ಮೆಯಲ್ಲ, ಹಲವು ಸಲ ಎತ್ತಿತು. ಷೇರುಗಳ ಸಂಖ್ಯೆ ಹಲವು ಪಟ್ಟಾಯಿತು. 200 ಡಾಲರ್‌ಗೆ 1 ಜಿಬಿ ಕೊಡುವ ಸ್ಪಾರ್ಕ್ ಡ್ರೈವ್ 1998ರಲ್ಲಿ ಬಂದಾಗ ಗ್ರಾಹಕರು ಮೆಚ್ಚಿದ್ದೂ ನಿಜ. ಆದರೆ ಹೊತ್ತು ಮೀರಿತ್ತು. 1998ರ ನವೆಂಬರ್ 2ರಂದು ಕಂಪನಿ ಕೆಲಸ ನಿಲ್ಲಿಸಿತು, ಅದೇ ತಿಂಗಳು ದಿವಾಳಿ ಅರ್ಜಿ ಸಲ್ಲಿಸಿತು. 1999ರಲ್ಲಿ ಅದರ ಪೇಟೆಂಟ್ ಸೇರಿದಂತೆ ಆಸ್ತಿಗಳನ್ನು ಖರೀದಿಸಿದ್ದು ಯಾರು ಗೊತ್ತೇ? ಐಯೊಮೆಗಾ. ಕೊಟ್ಟ ಬೆಲೆ ಕೇವಲ 95 ಲಕ್ಷ ಡಾಲರ್.

ಆಡಳಿತ ಮಂಡಳಿಯ ಪರವಾಗಿಯೂ ಒಂದು ಮಾತು ಹೇಳಬೇಕು. ಆ ಹಣ ಎತ್ತದಿದ್ದರೆ ಕಂಪನಿ ಬಹುಶಃ ಇನ್ನೂ ಮೊದಲೇ ಮುಚ್ಚುತ್ತಿತ್ತು, ನೌಕರರು ಇನ್ನೂ ಬೇಗ ಬೀದಿಗೆ ಬರುತ್ತಿದ್ದರು. ಸಾಯುವ ರೋಗಿಗೆ ಕೊಟ್ಟ ದುಬಾರಿ ಔಷಧ ಅದು. ಆದರೆ ಬಿಲ್ ಹೋಗಿದ್ದು ಷೇರುದಾರನ ಹೆಸರಿಗೆ.

ಗೆದ್ದವರ ಕಥೆ ಏನಾಯಿತು?

ಹಾಗಾದರೆ ಐಯೊಮೆಗಾ ಷೇರು ಹಿಡಿದವರು ಸುಖವಾಗಿದ್ದರೇ? ಅಲ್ಲೂ ಪಾಠವಿದೆ.

1996ರಲ್ಲಿ ಐಯೊಮೆಗಾ ಕೂಡ ಹಣ ಎತ್ತಿತು. ಮಾರ್ಚ್‌ನಲ್ಲಿ 4.6 ಕೋಟಿ ಡಾಲರ್‌ನ ಕನ್ವರ್ಟಿಬಲ್ ಬಾಂಡ್, ನಂತರ ಹೊಸ ಷೇರು ಮಾರಾಟ. ಆದರೆ ಆಗ ಷೇರು ಬೆಲೆ ಆಕಾಶದಲ್ಲಿತ್ತು. ಬೆಲೆ ಎತ್ತರದಲ್ಲಿರುವಾಗ ಹಣ ಎತ್ತಿದರೆ ಕೊಡಬೇಕಾದ ಷೇರು ಕಡಿಮೆ, ಆ ಹಣ ಬೆಳೆಯುತ್ತಿರುವ ಕಾರ್ಖಾನೆಗೆ ಹೋಗುತ್ತದೆ. ಒಂದೇ ಉದ್ಯಮ, ಒಂದೇ ವರ್ಷ, ಇಬ್ಬರೂ ಮಾಡಿದ್ದು ಡೈಲ್ಯೂಷನ್ನೇ. ಒಬ್ಬರಿಗೆ ಅದು ಗೊಬ್ಬರ, ಇನ್ನೊಬ್ಬರಿಗೆ ವಿಷ.

ಇಲ್ಲೇ ಇನ್ನೊಂದು ಗೊಂದಲ ಬಗೆಹರಿಸಿಕೊಳ್ಳಬೇಕು. ಐಯೊಮೆಗಾ 1996ರಲ್ಲಿ ಎರಡು ಬಾರಿ ಷೇರು ವಿಭಜನೆ ಮಾಡಿತು, ಮೊದಲು 1ಕ್ಕೆ 3, ನಂತರ 1ಕ್ಕೆ 2. ಷೇರುಗಳ ಸಂಖ್ಯೆ ಆರು ಪಟ್ಟಾಯಿತು. ಇದು ಡೈಲ್ಯೂಷನ್ ಅಲ್ಲ. ಹೋಳಿಗೆಯನ್ನು ಎರಡಾಗಿ ಮುರಿದರೆ ನಿಮ್ಮ ಬಳಿ ಎರಡು ಅರ್ಧ ಇರುತ್ತದೆ, ಹೋಳಿಗೆ ಅಷ್ಟೇ. ಡೈಲ್ಯೂಷನ್ ಎಂದರೆ ಅದೇ ಹೋಳಿಗೆಗೆ ಹೊಸಬರು ಪಂಕ್ತಿಯಲ್ಲಿ ಕೂರುವುದು. ಅವರು ಬರುವಾಗ ತಮ್ಮ ಪಾಲಿನ ಹಿಟ್ಟು, ಬೆಲ್ಲ ತಂದಿದ್ದಾರೋ ಇಲ್ಲವೋ ಎಂಬುದೇ ಪ್ರಶ್ನೆ.

1996ರ ಮೇ ವೇಳೆಗೆ ಐಯೊಮೆಗಾದ ಮಾರುಕಟ್ಟೆ ಮೌಲ್ಯ 500 ಕೋಟಿ ಡಾಲರ್ ಮೀರಿತ್ತು. ಹಿಂದಿನ ವರ್ಷದ ಮಾರಾಟದ ಹದಿನೈದು ಪಟ್ಟು! ನಂತರ ಬಂದದ್ದು ಇಳಿಜಾರು. 1998ರಲ್ಲಿ ಕಂಪನಿ ನಷ್ಟಕ್ಕೆ ಜಾರಿತು. ಕೆಟ್ಟ ಜಿಪ್ ಡ್ರೈವ್‌ಗಳ ಟಕ್ ಟಕ್ ಸದ್ದು 'ಕ್ಲಿಕ್ ಆಫ್ ಡೆತ್' ಎಂದು ಕುಖ್ಯಾತವಾಗಿ ಮೊಕದ್ದಮೆಯೂ ದಾಖಲಾಯಿತು. ಬರೆಯಬಲ್ಲ ಸಿಡಿ ಅಗ್ಗವಾಯಿತು, 2000ದ ನಂತರ ಪೆನ್‌ಡ್ರೈವ್ ಬಂತು. ಸೈಕ್ವೆಸ್ಟನ್ನು ಸೋಲಿಸಿದ ಜಿಪ್ಪನ್ನು ಸೋಲಿಸಲು ಇನ್ನೊಂದು ಜಿಪ್ ಬೇಕಾಗಲಿಲ್ಲ. 2008ರಲ್ಲಿ ಇಎಂಸಿ ಕಂಪನಿ ಐಯೊಮೆಗಾವನ್ನು ಸುಮಾರು 21 ಕೋಟಿ ಡಾಲರ್‌ಗೆ ಖರೀದಿಸಿತು.

ಅಂದರೆ, ಸೋತ ಕಂಪನಿಯ ಷೇರುದಾರ ಡೈಲ್ಯೂಷನ್‌ನಲ್ಲಿ ಮುಳುಗಿದ. ಗೆದ್ದ ಕಂಪನಿಯ ಷೇರನ್ನು ತುದಿಯಲ್ಲಿ ಕೊಂಡವನು ಬೆಲೆಯಲ್ಲಿ ಮುಳುಗಿದ.

ಇಂದಿನ ಕಂಪನಿಗಳಲ್ಲಿ ಏನಿದೆ?

ಈಗಿನ ಸೀಗೇಟ್, ವೆಸ್ಟರ್ನ್ ಡಿಜಿಟಲ್‌ಗಳನ್ನು ಸೈಕ್ವೆಸ್ಟ್ ಜತೆ ಹೋಲಿಸುವುದು ನ್ಯಾಯವಲ್ಲ. ಇವು ಲಾಭ ಮಾಡುತ್ತಿರುವ ದೈತ್ಯ ಕಂಪನಿಗಳು. ಆದರೂ 2023ನ್ನು ಮರೆಯಬಾರದು. ಕೋವಿಡ್ ನಂತರ ಬೇಡಿಕೆ ಕುಸಿದು, ಆ ಜೂನ್‌ಗೆ ಮುಗಿದ ವರ್ಷದಲ್ಲಿ ಸೀಗೇಟ್ 50 ಕೋಟಿ ಡಾಲರ್‌ಗೂ ಹೆಚ್ಚು ನಷ್ಟ ತೋರಿಸಿತ್ತು. ಆ ಕಷ್ಟಕಾಲದಲ್ಲಿ ಎರಡೂ ಕಂಪನಿಗಳು ಷೇರಾಗಿ ಬದಲಾಗಬಲ್ಲ ಸಾಲ ಪಡೆದವು. ಸೀಗೇಟ್ ಸೆಪ್ಟೆಂಬರ್‌ನಲ್ಲಿ 150 ಕೋಟಿ ಡಾಲರ್, ವೆಸ್ಟರ್ನ್ ಡಿಜಿಟಲ್ ನವೆಂಬರ್‌ನಲ್ಲಿ 160 ಕೋಟಿ ಡಾಲರ್. ಎರಡರ ಗಡುವೂ 2028.

ಸೀಗೇಟ್ ಬಾಂಡ್‌ನ ಆರಂಭಿಕ ವಿನಿಮಯ ದರ ಸುಮಾರು 82 ಡಾಲರ್. 2025ರ ಕೊನೆಯ ಹೊತ್ತಿಗೆ ಷೇರು 250 ಡಾಲರ್ ದಾಟಿತ್ತು. ಈ ಬಾಂಡ್‌ಗಳಲ್ಲಿ ಅಸಲನ್ನು ನಗದಾಗಿ ಕೊಟ್ಟು, ಮೇಲಿನ ಮೌಲ್ಯಕ್ಕೆ ಷೇರು ಕೊಡಲು ಅವಕಾಶವಿದೆ. ಪೂರ್ತಿ ಬಾಂಡ್ ಹಾಗೇ ಇದ್ದು, ಬೆಲೆ 250 ಡಾಲರ್ ಎಂದು ಲೆಕ್ಕ ಹಾಕಿದರೆ ಹೊಸದಾಗಿ ಕೊಡಬೇಕಾದ ಷೇರು ಸುಮಾರು 1.2 ಕೋಟಿ. ಕಂಪನಿಯಲ್ಲಿ ಇರುವುದು 21 ಕೋಟಿ ಚಿಲ್ಲರೆ ಷೇರು. ಅಂದರೆ ಶೇ. 5ರಿಂದ 6ರಷ್ಟು ಹೆಚ್ಚಳ.

ಇದು ಸಾವಿನ ಸುಳಿ ಅಲ್ಲ. ದರ ಮೊದಲೇ ನಿಗದಿಯಾಗಿದೆ, ಬೆಲೆ ಏರಿದ್ದರಿಂದಲೇ ಡೈಲ್ಯೂಷನ್ ಆಗುತ್ತಿದೆ. ಆದರೆ ಷೇರು ಮೂರು ಪಟ್ಟಾಯಿತು ಎಂದು ಸಂಭ್ರಮಿಸುವವರು, ಆ ಏರಿಕೆಯಲ್ಲಿ ಒಂದು ತುಂಡು ಮೊದಲೇ ಬಾಂಡ್ ಹಿಡಿದವರ ಹೆಸರಿಗೆ ಬರೆದಾಗಿದೆ ಎಂಬುದನ್ನೂ ನೋಡಬೇಕು. ಸ್ಯಾನ್‌ಡಿಸ್ಕ್ ಬೇರ್ಪಟ್ಟದ್ದು ಮಾತ್ರ ಡೈಲ್ಯೂಷನ್ ಅಲ್ಲ. ಮೂರು ವೆಸ್ಟರ್ನ್ ಡಿಜಿಟಲ್ ಷೇರು ಇದ್ದವರಿಗೆ ಒಂದು ಸ್ಯಾನ್‌ಡಿಸ್ಕ್ ಷೇರು ಸಿಕ್ಕಿತು. ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡಂತೆ.

ನಮ್ಮ ಮನೆಯಲ್ಲೂ ಇದೇ ಕಥೆ

ಅಮೆರಿಕದ ಮಾತು ಬಿಡಿ, ನಮ್ಮ ಡಿಮ್ಯಾಟ್ ಖಾತೆಗಳಲ್ಲೇ ದೊಡ್ಡ ಉದಾಹರಣೆಗಳಿವೆ.

ಯೆಸ್ ಬ್ಯಾಂಕ್: 2020ರ ಮಾರ್ಚ್‌ವರೆಗೆ ಸುಮಾರು 255 ಕೋಟಿ ಷೇರು. ಎಸ್‌ಬಿಐ ನೇತೃತ್ವದ ಬ್ಯಾಂಕುಗಳು 10 ರೂ. ದರದಲ್ಲಿ 10,000 ಕೋಟಿ ರೂ. ಹಾಕಿದವು, ಅಂದರೆ 1,000 ಕೋಟಿ ಹೊಸ ಷೇರು. ಜುಲೈನಲ್ಲಿ 12 ರೂ. ದರದಲ್ಲಿ 15,000 ಕೋಟಿ ರೂ. ಎಫ್‌ಪಿಒ, ಮತ್ತೆ 1,250 ಕೋಟಿ ಷೇರು. ಐದು ತಿಂಗಳಲ್ಲಿ 255 ಕೋಟಿ ಇದ್ದದ್ದು 2,500 ಕೋಟಿ ದಾಟಿತು. ಬ್ಯಾಂಕ್ ಉಳಿಯಿತು, ಠೇವಣಿದಾರರ ಹಣ ಉಳಿಯಿತು. ಆದರೆ 2018ರಲ್ಲಿ 400 ರೂ. ಸಮೀಪ ಇದ್ದಾಗ ಕೊಂಡವರು 'ಒಂದಲ್ಲ ಒಂದು ದಿನ ಹಳೇ ಬೆಲೆ ಬರುತ್ತೆ' ಎಂದು ಕಾಯುತ್ತಿದ್ದರೆ, ಷೇರುಗಳ ಸಂಖ್ಯೆ ಹತ್ತು ಪಟ್ಟಾಗಿದೆ ಎಂಬ ಸತ್ಯವನ್ನು ಅವರಿಗೆ ಯಾರಾದರೂ ಹೇಳಬೇಕು.

ವೊಡಾಫೋನ್ ಐಡಿಯಾ: 2019ರ ರೈಟ್ಸ್ ಇಶ್ಯೂ ನಂತರ ಸುಮಾರು 2,873 ಕೋಟಿ ಷೇರು. ಎಜಿಆರ್ ಬಾಕಿ ಕುರಿತ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ ಸಾಲದ ಹೊರೆ. 2023ರಲ್ಲಿ ಸರ್ಕಾರಕ್ಕೆ ಬರಬೇಕಿದ್ದ ಬಡ್ಡಿ 16,133 ಕೋಟಿ ರೂ. ಷೇರಾಯಿತು. 2024ರಲ್ಲಿ 11 ರೂ. ದರದಲ್ಲಿ 18,000 ಕೋಟಿ ರೂ. ಎಫ್‌ಪಿಒ. 2025ರಲ್ಲಿ ಮತ್ತೆ 36,950 ಕೋಟಿ ರೂ. ಬಾಕಿ 10 ರೂ. ದರದಲ್ಲಿ ಷೇರಾಗಿ, ಸರ್ಕಾರದ ಪಾಲು ಶೇ. 48.99ಕ್ಕೆ ಏರಿತು. ಒಟ್ಟು ಷೇರು 10,800 ಕೋಟಿ ದಾಟಿತು. 2019ರಲ್ಲಿ ಶೇ. 1 ಪಾಲು ಇದ್ದವರು ಮತ್ತೆ ಹಣ ಹಾಕದಿದ್ದರೆ ಈಗ ಶೇ. 0.27ಕ್ಕೆ ಇಳಿದಿದ್ದಾರೆ.

ಇಲ್ಲಿ ಒಂದು ಸಮಾಧಾನವಿದೆ. 2025ರಲ್ಲಿ ಷೇರು ಬೆಲೆ 10 ರೂ.ಗಿಂತ ಕೆಳಗಿದ್ದರೂ ಸರ್ಕಾರಕ್ಕೆ ಕೊಟ್ಟದ್ದು 10 ರೂ. ಮುಖಬೆಲೆಯಲ್ಲೇ. ಮುಖಬೆಲೆಗಿಂತ ಕಡಿಮೆಗೆ ಹೊಸ ಷೇರು ಕೊಡುವುದನ್ನು ನಮ್ಮ ಕಂಪನಿ ಕಾಯ್ದೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ಆಯ್ದವರಿಗೆ ಷೇರು ಕೊಡುವ ಪ್ರಿಫರೆನ್ಶಿಯಲ್ ಇಶ್ಯೂಗೂ ಸೆಬಿಯ ಕನಿಷ್ಠ ದರದ ಸೂತ್ರವಿದೆ. ವಾರಂಟ್ ಪಡೆಯುವವರು ಕಾಲು ಭಾಗ ಹಣ ಮೊದಲೇ ಕಟ್ಟಬೇಕು, 18 ತಿಂಗಳೊಳಗೆ ಷೇರಾಗಿ ಬದಲಿಸಿಕೊಳ್ಳಬೇಕು. ಸೈಕ್ವೆಸ್ಟ್ ಮಾದರಿಯ ಪಾತಾಳಕ್ಕೆ ಇಳಿಯಲು ಇಲ್ಲಿ ಒಂದಷ್ಟು ಮೆಟ್ಟಿಲಾದರೂ ಅಡ್ಡ ಇವೆ.

ಹಾಗಾದರೆ ನೋಡಬೇಕಾದ್ದು ಏನು?

ಥಾಣೆಯಲ್ಲಿರುವ ನನ್ನ ಮಾವ ಮೂಲತಃ ಉಡುಪಿ ಕಡೆಯವರು. ಒಂದು ಚಿಕ್ಕ ಕಂಪನಿಯ ಷೇರನ್ನು ವರ್ಷಗಳಿಂದ ಇಟ್ಟುಕೊಂಡಿದ್ದಾರೆ. ಮೊನ್ನೆ ಫೋನ್ ಮಾಡಿ, "ಅಲ್ಲ ಮಾರಾಯ್ತಿ, ಕಂಪನಿಯ ಲಾಭ ಇಪ್ಪತ್ತು ಪರ್ಸೆಂಟ್ ಜಾಸ್ತಿ ಅಂತ ಪೇಪರಿನಲ್ಲಿ ಉಂಟು. ಮತ್ತೆ ಒಂದು ಷೇರಿಗೆ ಬರುವ ಲಾಭ ಯಾಕೆ ಕಮ್ಮಿ ತೋರಿಸ್ತದೆ? ಪ್ರಿಂಟ್ ಮಿಸ್ಟೇಕಾ?" ಎಂದು ಕೇಳಿದರು.

"ಇಲ್ಲ ಮಾವ, ಷೇರಿನ ಸಂಖ್ಯೆ ಐವತ್ತು ಪರ್ಸೆಂಟ್ ಜಾಸ್ತಿ ಆಗಿದೆ ನೋಡಿ" ಎಂದೆ. ಲಾಭ 100ರಿಂದ 120ಕ್ಕೆ ಏರಿದರೂ, ಹಂಚಿಕೊಳ್ಳುವವರು 100ರಿಂದ 150 ಆದರೆ ಪ್ರತಿ ಷೇರಿನ ಲಾಭ ಶೇ. 20 ಇಳಿಯುತ್ತದೆ. ಮುದ್ರಣ ದೋಷವೇನೂ ಇರಲಿಲ್ಲ.

ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಯಾವುದೇ ಷೇರು ಕೊಳ್ಳುವ ಮುನ್ನ, ಕೊಂಡ ಮೇಲೂ ವರ್ಷಕ್ಕೊಮ್ಮೆ, ನಾಲ್ಕು ಸಂಗತಿ ನೋಡಿ.

1. ಷೇರುಗಳ ಸಂಖ್ಯೆ: ಐದು ವರ್ಷದ ಹಿಂದೆ ಎಷ್ಟಿತ್ತು, ಈಗ ಎಷ್ಟಿದೆ? ಬೋನಸ್, ವಿಭಜನೆ ಬಿಟ್ಟು ಹೆಚ್ಚಾಗಿದ್ದರೆ ಯಾಕೆ?
2. ಡೈಲ್ಯೂಟೆಡ್ ಇಪಿಎಸ್: ಫಲಿತಾಂಶದಲ್ಲಿ ಬೇಸಿಕ್ ಮತ್ತು ಡೈಲ್ಯೂಟೆಡ್ ಎಂದು ಎರಡು ಸಾಲು ಇರುತ್ತದೆ. ಎರಡರ ನಡುವೆ ಅಂತರ ದೊಡ್ಡದಿದ್ದರೆ ಹೊಸ ಷೇರುಗಳು ಬಾಗಿಲಲ್ಲಿ ಕಾಯುತ್ತಿವೆ ಎಂದರ್ಥ.
3. ಪರಿವರ್ತನೆಯ ದರ: ವಾರಂಟ್, ಕನ್ವರ್ಟಿಬಲ್ ಇದ್ದರೆ ದರ ನಿಗದಿಯಾಗಿದೆಯೇ, ತೇಲುತ್ತದೆಯೇ? ತೇಲುವ ದರ, ಅದರ ಮೇಲೆ ನಷ್ಟದ ಕಂಪನಿ ಎಂದರೆ ದೂರದಿಂದಲೇ ಕೈ ಮುಗಿಯಿರಿ.
4. ಹಣ ಎಲ್ಲಿಗೆ ಹೋಯಿತು: ಹೊಸ ಕಾರ್ಖಾನೆಗೋ, ಹಳೆ ಸಾಲಕ್ಕೋ, ಸಂಬಳ ಕೊಡಲಿಕ್ಕೋ? ಎತ್ತಿದ ಹಣ ಷೇರು ಹೆಚ್ಚಿದ್ದಕ್ಕಿಂತ ಹೆಚ್ಚು ಲಾಭ ತಂದರೆ ಡೈಲ್ಯೂಷನ್ ಒಳ್ಳೆಯದೇ.

ಇನ್ನೊಂದು ಮಾತು. ಆಯ್ದವರಿಗೆ ಷೇರು ಕೊಡಲು ಷೇರುದಾರರ ವಿಶೇಷ ನಿರ್ಣಯ ಬೇಕು, ಚಲಾಯಿತ ಮತಗಳಲ್ಲಿ ಮುಕ್ಕಾಲು ಭಾಗ ಪರವಾಗಿರಬೇಕು. ಅದಕ್ಕಾಗಿ ಇ-ವೋಟಿಂಗ್ ಇಮೇಲ್ ನಿಮಗೂ ಬರುತ್ತದೆ. ನಮ್ಮಲ್ಲಿ ಬಹುತೇಕರು ಅದನ್ನು ತೆರೆಯದೇ ಡಿಲೀಟ್ ಮಾಡುತ್ತೇವೆ. ನಮ್ಮ ಪಾಲು ಎಷ್ಟು ತೆಳುವಾಗಬೇಕು ಎಂದು ಕೇಳುವ ಪತ್ರ ಅದು.

ಸ್ಟೋರೇಜ್ ಷೇರುಗಳ ಓಟ ಇನ್ನೆಷ್ಟು ದಿನ ನಡೆಯುತ್ತದೆ, ಹಾರ್ಡ್ ಡಿಸ್ಕ್ ಗೆಲ್ಲುತ್ತದೋ ಎಸ್‌ಎಸ್‌ಡಿ ಗೆಲ್ಲುತ್ತದೋ ಎಂಬ ವಾದ ಮುಂದುವರಿಯಲಿ. ವಾದಕ್ಕೆ ಕೂರುವ ಮುನ್ನ ಕಂಪನಿಯ ಷೇರುಗಳ ಸಂಖ್ಯೆ ಒಮ್ಮೆ ನೋಡಿಕೊಂಡರೆ ಸಾಕು. ಮಾವ ಈಗ ತಮ್ಮ ಕಂಪನಿಯ ಹಳೆಯ ವಾರ್ಷಿಕ ವರದಿಗಳನ್ನು ತೆಗೆದಿಟ್ಟು ಲೆಕ್ಕ ಹಾಕುತ್ತಿದ್ದಾರಂತೆ. ಮುಂದಿನ ಇ-ವೋಟಿಂಗ್ ಇಮೇಲ್ ಬಂದಾಗ ತಮಗೂ ಒಂದು ಮಾತು ಹೇಳಬೇಕಂತೆ.

(ಈ ಲೇಖನ ಮಾಹಿತಿಗಾಗಿ ಮಾತ್ರ. ಇಲ್ಲಿ ಹೆಸರಿಸಿದ ಯಾವುದೇ ಷೇರು ಕೊಳ್ಳಲು ಅಥವಾ ಮಾರಲು ಸಲಹೆಯಲ್ಲ.)